ಬಾವಿಗೆ ಕೇಳಿಸಿದ ಹಾಡು

ದುರ್ಗದ ಪೇಟೆಯಲ್ಲಿ ಇಲಿ ಬಿತ್ತೆಂಬ ಸುದ್ದಿ ಬಂದಾಗ ನಾನು ಹುಡುಗರಿಗೆ ಲೋಪಸಂಧಿ ಹೇಳಿಕೊಡುತ್ತಿದ್ದೆ. ಇಲಿ ಬಿತ್ತೆಂದರೆ ಹಿಂದೆಯೇ ಪ್ಲೇಗು. ಅದನ್ನು ಆ ಕಾಲದಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರು ದಿನಗಳೊಳಗೆ ಪೇಟೆ ಖಾಲಿಯಾಗತೊಡಗಿತು. ಅನುಕೂಲಸ್ಥರು ಚಂದ್ರವಳ್ಳಿಯ ಕಡೆ ಗುಡಿಸಲು ಹಾಕಿಕೊಂಡರು. ನಮ್ಮ ಮಿಷನ್ ಬೋರ್ಡಿಂಗ್ ಶಾಲೆಯ ಪಾದ್ರಿ ದೊರೆಗಳು ರೋಗಿಗಳ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತರು. ಬೋರ್ಡಿಂಗ್ ಮೇಷ್ಟ್ರು ಹೆಂಡತಿಯ ಬಾಣಂತನಕ್ಕೆಂದು ಹೋದವರು, ದಾರಿಯ ತಪಾಸಣೆಯಲ್ಲಿ ಸಿಕ್ಕಿ ವಾಪಸು ಬರಲಾಗಲಿಲ್ಲ. ಉಳಿದವನು ಕನ್ನಡ ಮುನ್ಷಿಯಾದ ನಾನು.

"ಮುನ್ಷಿಗಳೇ, ಮೂವತ್ತೊಂದು ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ" ಎಂದರು ದೊರೆಗಳು.

ಅವರಿಗೆ ನನ್ನ ಕೈಯ ವಿಷಯ ಗೊತ್ತಿರಲಿಲ್ಲ. ಮನೆಯ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಅರ್ಧ ದಾರಿಯಿಂದ ಹಿಂತಿರುಗಿ ನಾಲ್ಕನೆಯ ಸಲ ಎಳೆಯುವ ಕೈ ಅದು. ಸೀನು ಬಂದರೆ ಸನ್ನಿಯೆಂದೂ, ಕಾಗದ ತಡವಾದರೆ ಸಾವೆಂದೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವ ನಲವತ್ತಾರು ವರ್ಷದ ಗಂಡಸು ನಾನು. ಆದರೂ ಹೂಂ ಎಂದೆ. ಅಂಜುಬುರುಕರಿಗೆ ಇಲ್ಲ ಎನ್ನಲು ಬೇಕಾದಷ್ಟು ಧೈರ್ಯ ಇರುವುದಿಲ್ಲ.

ದುರ್ಗದಿಂದ ಹಿರಿಯೂರಿಗೆ ಹೋಗುವ ರಸ್ತೆಯಲ್ಲಿ ಏಳು ಮೈಲಿ ನಡೆದು, ಎಡಕ್ಕೆ ತಿರುಗಿದರೆ ಕುರಿ ಸಾಕುವವರ ಒಂದು ಹಟ್ಟಿ. ಇಪ್ಪತ್ತು ಗುಡಿಸಲು, ಮುಳ್ಳಿನ ಬೇಲಿ, ಒಂದು ಬಾವಿ. ಬಾವಿಯಿಂದ ಎರಡು ಫರ್ಲಾಂಗು ದೂರದ ಬಯಲಿನಲ್ಲಿ ನಮ್ಮ ಬಿಡಾರ. ಬಿದಿರು ತಟ್ಟಿ ಕಟ್ಟಿ, ಜೋಳದ ದಂಟು ಹೊದಿಸಿ, ನಾಲ್ಕು ಶೆಡ್ಡು ಎಬ್ಬಿಸಿದೆವು. ಬಾವಿಯ ನೀರನ್ನು ನಮ್ಮ ಹುಡುಗರು ಸೇದುವಂತಿರಲಿಲ್ಲ. ಅವರಲ್ಲಿ ಎಲ್ಲ ಕೇರಿಯವರೂ ಇದ್ದರು. ಹಟ್ಟಿಯ ಯಜಮಾನನ ಅಕ್ಕ, ಎಪ್ಪತ್ತು ದಾಟಿದ ಮುದುಕಿ, ತಾನೇ ರಾಟೆಯಲ್ಲಿ ಸೇದಿ ಕಲ್ಲಿನ ಬಾನಿಗೆ ಸುರಿಯುವುದು, ಹುಡುಗರು ಬಾನಿಯಿಂದ ಹೊತ್ತು ತರುವುದು, ಹೀಗೆ ಒಪ್ಪಂದವಾಯಿತು. ದಿನಕ್ಕೆ ಅರವತ್ತು ಕೊಡ. ನಾಲ್ಕು ಹರದಾರಿಯೊಳಗೆ ನಮಗೆ ನೀರು ಕೊಡುವವರು ಬೇರೆ ಯಾರೂ ಇರಲಿಲ್ಲ. ರೋಗಕ್ಕೆ ಹೆದರಿ ಎಲ್ಲ ಹಳ್ಳಿಗಳೂ ಊರಬಾಗಿಲಿಗೆ ಮುಳ್ಳು ಹಚ್ಚಿಕೊಂಡಿದ್ದವು.

ಹೊರಡುವಾಗ ದೊರೆಗಳು ಒಂದೇ ಒಂದು ಕಟ್ಟಳೆ ಹಾಕಿದ್ದರು: ಚಾಪೆಲ್, ಅಂದರೆ ಸಂಜೆಯ ಪ್ರಾರ್ಥನೆ, ನಿಲ್ಲಬಾರದು. ಕಲ್ಲಿನ ಚಾಪೆಲ್ ದುರ್ಗದಲ್ಲೇ ಉಳಿದರೂ ಸಂಜೆಯ ಕ್ರಮ ಬಯಲಿನಲ್ಲಿ ನಡೆಯಲೇಬೇಕು. ಆ ಕ್ರಮ ಹೀಗೆ: ಗಂಟೆ, ದೀಪ, ಶಾಲೆಯ ಹಾಡು, ಆಮೇಲೆ ಹಾಜರಿ, ಆಮೇಲೆ ಓದು. ಹಾಜರಿಯೆಂದರೆ ಕ್ಲಾಸಿನ ಹಾಜರಿಯಲ್ಲ. ಆ ಸೂರಿನ ಕೆಳಗೆ ಉಣ್ಣುವ, ಮಲಗುವ, ದುಡಿಯುವ ಎಲ್ಲರ ಹೆಸರನ್ನೂ ಕೂಗಬೇಕು. ಕೂಗಿಸಿಕೊಂಡವರು "ಇದ್ದೇನೆ" ಎನ್ನಬೇಕು. ಹುಡುಗರಾದ ಮೇಲೆ ಅಡುಗೆಯವನು, ಕಡೆಗೆ ನಾನು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡ ನಾನು ಹದಿನಾಲ್ಕು ವರ್ಷ ಚಾಪೆಲ್ಲಿನ ಬಾಗಿಲ ಕಂಬಕ್ಕೆ ಒರಗಿ "ಇದ್ದೇನೆ" ಎಂದವನು. ಮಠದ ಸ್ವಾಮಿಗಳು ಒಮ್ಮೆ ಇದನ್ನು ಕೇಳಿ, "ಇದ್ದೇನೆ ಅಂದರೆ ತಪ್ಪೇನು, ಇದ್ದೀಯಲ್ಲ" ಎಂದು ನಕ್ಕಿದ್ದರು. ಅಲ್ಲಿಗೆ ನನ್ನ ನೂರು ಚಿಂತೆಗಳಲ್ಲಿ ಒಂದು ಕಳೆದಿತ್ತು.

ಹಾಡಿನ ವಿಷಯಕ್ಕೆ ಬರುತ್ತೇನೆ. ತಪ್ಪು ಅಲ್ಲಿಯೇ ಇರುವುದು, ಮತ್ತು ಅದು ನನ್ನದು.

ಧಾಟಿ ದೊರೆಗಳ ಊರಿನದು. ಎಂಟು ಅಕ್ಷರ, ಆರು ಅಕ್ಷರ, ಮತ್ತೆ ಎಂಟು, ಮತ್ತೆ ಆರು. ಇದಕ್ಕೆ ಸರಿಯಾಗಿ ಕನ್ನಡ ಕೂಡಿಸಿ ಕೊಡಿ ಎಂದು ಅವರು ಹಾರ್ಮೋನಿಯಂ ಒತ್ತಿ ತೋರಿಸಿದ್ದರು. ನಾನು ಒಂದು ವಾರ ಬೆರಳು ಮಡಿಚಿ ಎಣಿಸಿ ಕೂಡಿಸಿದೆ:

ಸಾವಿರ ಸ್ತುತಿ ನಿನಗೆ
ದಯಾಮಯ ತಂದೆ
ಸಾವಿರ ದಿನ ಕಾಯುವೆ
ನಮ್ಮ ಮನೆ ಮುಂದೆ

ಎಣಿಸಿ ನೋಡಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ತಂದೆಗೆ ಮುಂದೆ ಪ್ರಾಸ ಬೇರೆ. ಆ ನಾಲ್ಕು ಸಾಲಿನ ಮೇಲೆ ನಾನು ಹದಿನಾಲ್ಕು ವರ್ಷ ಒಳಗೊಳಗೇ ಬೀಗಿಕೊಂಡು ಬದುಕಿದ್ದೆ.

ಬಯಲಿಗೆ ಬಂದು ಐದನೆಯ ಬೆಳಿಗ್ಗೆ ಕೊಡ ಹೊತ್ತು ಹೋದ ಹುಡುಗರು ಬರಿಗೊಡ ತಂದರು. ಬಾನಿ ಒಣಗಿತ್ತು. ರಾಟೆಯಲ್ಲಿ ಹಗ್ಗವೇ ಇರಲಿಲ್ಲ. ನಾನು ಓಡಿಹೋದೆ. ಯಜಮಾನ ಕಂಬಳಿ ಹೊದ್ದು ಬೇಲಿಯ ಒಳಗೆ ನಿಂತಿದ್ದ. ನನ್ನನ್ನು ಅಲ್ಲೇ ನಿಲ್ಲಿಸಿದ.

"ಮೇಷ್ಟ್ರೆ, ನೀರಿನ ಮಾತು ಆಮೇಲೆ. ದಿನಾ ಸಂಜಿಗೆ ದೀಪ ಹಚ್ಚಿ ಯಾರನ್ನ ಕರೀತೀರಿ ನೀವು?"

"ದೇವರನ್ನಪ್ಪ."

"ಆ ದೇವ್ರ ಹೆಸ್ರು ಸಾವೇನು?"

ನನಗೆ ಅರ್ಥವಾಗಲಿಲ್ಲ.

"ಸಾವೇ, ಸ್ತುತಿ ನಿನಗೆ. ಸಾವೇ, ದಿನಾ ಕಾಯುವೆ ನಮ್ಮ ಮನೆ ಮುಂದೆ. ಹಿಂಗಲ್ಲೇನ್ರಿ ಹಾಡೋದು? ನಮ್ಮ ಹಟ್ಟಿ ಕೂಸುಗಳಿಗೆಲ್ಲ ಬಾಯಿಗೆ ಬಂದೈತೆ. ನನ್ನ ಮೊಮ್ಮಗಳು ಕುರಿ ಮುಂದೆ ನಿಂತು ಹಾಡ್ತಿದ್ಲು. ಬಾಯಿಮ್ಯಾಲೆ ಬಾರಿಸ್ದೆ."

"ಅಯ್ಯೋ, ಸಾವಲ್ಲಪ್ಪ, ಸಾವಿರ! ಸಾವಿರ ಅಂದರೆ ಹತ್ತು ನೂರು."

"ನಮಗೂ ಎಣಿಸಾಕೆ ಬರ್ತೈತೆ, ಕುರಿ ಕಾಯೋರು ನಾವು. ಕೇಳಿದ್ದು ಸಾವು. ನಮ್ಮ ಮಾತು ನಂಬಬ್ಯಾಡ್ರಿ, ಸಂಜಿಗೆ ಇಲ್ಲೇ ಬಾವಿ ತಾವ ಬಂದು ನಿಂತು ನೀವೇ ಕೇಳ್ರಿ."

ಆ ದಿನದ ಮಟ್ಟಿಗೆಂದು ಮುದುಕಿ ಹತ್ತು ಕೊಡ ಸುರಿದಳು. ಸಂಜೆ ದೊಡ್ಡ ಕ್ಲಾಸಿನ ಒಬ್ಬ ಹುಡುಗನಿಗೆ ಗಂಟೆ ಒಪ್ಪಿಸಿ ನಾನು ಬಾವಿಯ ಕಟ್ಟೆಗೆ ಹೋದೆ. ಯಜಮಾನನೂ ಅವನ ಅಕ್ಕನೂ ಆಚೆ ಬದಿಗೆ ನಿಂತರು. ಗಾಳಿ ಬಿಡಾರದ ಕಡೆಯಿಂದ ಬೀಸುತ್ತಿತ್ತು. ದೀಪ ಕಂಡಿತು. ಹಾಡು ಎದ್ದಿತು.

ಧಾಟಿಯ ಎರಡನೆಯ ಸ್ವರ ಉದ್ದ. ಅದಾದ ಮೇಲೆ ಉಸಿರು ತೆಗೆದುಕೊಳ್ಳುವ ಜಾಗ. ಚಾಪೆಲ್ಲಿನೊಳಗೆ ಹಾರ್ಮೋನಿಯಂ ಆ ಸಂದನ್ನು ಮುಚ್ಚುತ್ತಿತ್ತು, ಕಲ್ಲುಗೋಡೆ ಉಳಿದದ್ದನ್ನು ಕೂಡಿಸುತ್ತಿತ್ತು. ಬಯಲಿನಲ್ಲಿ ಎರಡೂ ಇಲ್ಲ. ಮೂವತ್ತೊಂದು ಗಂಟಲು "ಸಾವೀ" ಎಂದು ಎಳೆದು, ಎಳೆದದ್ದು ಗಾಳಿಯಲ್ಲಿ "ಸಾವೇ" ಆಗಿ, ಹುಡುಗರು ಉಸಿರು ತೆಗೆದುಕೊಳ್ಳುವಾಗ ಬಡಪಾಯಿ "ರ" ಅಲ್ಲೇ ಬಯಲಿನಲ್ಲೆಲ್ಲೋ ಬಿದ್ದುಹೋಗಿ, ಬಾವಿಯ ಹತ್ತಿರ ಬಂದು ಮುಟ್ಟಿದ್ದು ಇಷ್ಟು: ಸಾವೇ, ಸ್ತುತಿ ನಿನಗೆ. ದಯಾಮಯ ತಂದೆ. ಸಾವೇ, ದಿನ ಕಾಯುವೆ ನಮ್ಮ ಮನೆ ಮುಂದೆ.

ಅಕ್ಷರ ಎಣಿಸಿದ್ದೆ. ಉಸಿರು ಎಣಿಸಿರಲಿಲ್ಲ.

ಮುದುಕಿ ನನ್ನ ಮುಖ ನೋಡಿ, "ಹೋಗ್ಲಿ ಬಿಡಪ್ಪ, ಗೊತ್ತಿಲ್ದೆ ಆಗೈತೆ" ಎಂದಳು. ಆಕೆ ಬೈದಿದ್ದರೆ ಮೇಲಾಗುತ್ತಿತ್ತು.

ಮಾರನೆಯ ದಿನದಿಂದ ಹಾಡು ನಿಲ್ಲಿಸಿದೆ. ದೊರೆಗಳಿಗೆ ಕಾಗದ ಬರೆದೆ. ಅದು ತಲುಪಿ ಉತ್ತರ ಬರಲು ವಾರವೇ ಬೇಕು. ಗಂಟೆಯನ್ನೂ ಹೊಡೆಸಲಿಲ್ಲ, ಯಾಕೆಂದರೆ ಗಂಟೆಯಲ್ಲಿ ಇನ್ನೇನು ಕೇಳಿಸುತ್ತದೋ ಎಂಬ ಭಯ ಹಿಡಿದಿತ್ತು. ಹಾಜರಿಯನ್ನು ಪಿಸುದನಿಯಲ್ಲಿ ಕೂಗಿ, ಓದನ್ನು ಶೆಡ್ಡಿನೊಳಗೆ ಮುಗಿಸಿದೆವು. ಹುಡುಗರು ಮಂಕಾದರು. ಅಡುಗೆಯವನು ಮಾತ್ರ ಬಾಯಿ ಮುಚ್ಚುವವನಲ್ಲ.

"ಮುನ್ಸಿಗಳೇ, ಕಳ್ರಂಗೆ ದೇವ್ರ ಹೆಸ್ರು ಹೇಳೋದು ಇದೇ ಮೊದ್ಲು ನೋಡ್ರಿ."

"ಸುಮ್ಮನಿರಪ್ಪ. ನೀರು ಬರ್ತಾ ಐತಲ್ಲ."

"ನೀರು ಬರ್ತೈತೆ. ನಾಳೆ ಉಸ್ರು ಬಿಡೋದ್ನೂ ನಿಲ್ಸಿಬಿಡಿ ಅಂತೀರೇನೋ ಅಂತ ಭಯ."

ಇವನು ಹೊಳಲ್ಕೆರೆ ಕಡೆಯವನು. ಬರಗಾಲದಲ್ಲಿ ಮಿಷನ್ನಿಗೆ ಬಂದು ಅಲ್ಲೇ ಬೆಳೆದು ಅಲ್ಲೇ ಸೌಟು ಹಿಡಿದವನು. ನಾನು ಬೇರೆ ಒಲೆ ಹೂಡಿ ನನ್ನ ಪಾಡಿಗೆ ಬೇಯಿಸಿಕೊಳ್ಳುವುದನ್ನು ಹದಿನಾಲ್ಕು ವರ್ಷ ದಿನ ಬಿಡದೆ ಹಾಸ್ಯ ಮಾಡಿದವನು. "ನಿಮ್ಮ ಅನ್ನ ಹೊತ್ತಿ ವಾಸ್ನೆ ಬಂತು, ಮಡಿ ಕೆಡ್ತೇನೋ ನೋಡ್ರಿ" ಎಂದು ತನ್ನ ಒಲೆಯ ಮುಂದೆ ಕೂತೇ ಕೂಗುತ್ತಿದ್ದ.

ಮೂರು ಸಂಜೆ ಹೀಗೆ ಕಳೆದವು. ನಾಲ್ಕನೆಯ ಮಧ್ಯಾಹ್ನ ಯಜಮಾನ ತನ್ನ ಅಕ್ಕನೂ ಸೇರಿ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಬಂದು ದೂರದಲ್ಲೇ ನಿಂತ. ಕುರಿಯನ್ನೆಲ್ಲ ಆಗಲೇ ಆಚೆ ಗುಡ್ಡಕ್ಕೆ ಹೊಡೆದಿದ್ದರು.

"ಮೇಷ್ಟ್ರೆ, ಎಷ್ಟು ಜನ ಹೋದ್ರು?"

"ಎಲ್ಲಿಗೆ?"

"ಎಲ್ಲಿಗೆ ಅಂತೀರಲ್ರಿ. ಹಾಡಿಲ್ಲ, ಗಂಟಿ ಇಲ್ಲ. ಮೊದ್ಲು ಕೇಳ್ತಿದ್ದ ಧ್ವನಿ ಒಂದೂ ಕೇಳಂಗಿಲ್ಲ. ಬಾಯಿ ಇದ್ದೋರು ಹಾಡ್ತಾರೆ. ಹಾಡು ನಿಂತೈತೆ ಅಂದ್ರೆ ಬಾಯಿ ಕಮ್ಮಿ ಆಗ್ಯಾವೆ. ಎಲ್ಲಿ ಹೂಳಿದ್ರಿ? ಹಳ್ಳದಾಗೇನು?"

"ನೀವೇ ಬೇಡ ಅಂದಿರಲ್ಲಪ್ಪ ಹಾಡು!"

"ಸಾವನ್ನ ಕರೀಬ್ಯಾಡ್ರಿ ಅಂದ್ವಿ. ಬದುಕಿರೋದು ಮುಚ್ಚಿಡ್ರಿ ಅಂದ್ವಾ?"

ಹಾಡು ಅವರಿಗೆ ಕೆಟ್ಟದಾಗಿ ಕೇಳಿಸಿದ್ದು ನಿಜ. ಆದರೆ ಅದೇ ಹಾಡಿನಿಂದ ಅವರು ದಿನಾ ಸಂಜೆ ನಮ್ಮ ಲೆಕ್ಕ ಹಿಡಿಯುತ್ತಿದ್ದರು. ಅದನ್ನು ನಾನು ನಿಲ್ಲಿಸಿದ್ದೆ. ಒಂದು ತಪ್ಪನ್ನು ತಿದ್ದಲು ಹೋಗಿ ಅದಕ್ಕಿಂತ ದೊಡ್ಡದನ್ನು ಮಾಡುವುದರಲ್ಲಿ ನನ್ನ ಕೈ ಪಳಗಿದೆ.

"ನಾಳೆ ಹೊತ್ತು ಮುಳುಗಾದ್ರೊಳಗೆ ಗಂಟು ಕಟ್ರಿ" ಎಂದ.

ಗಂಟು ಕಟ್ಟಿ ಹೋಗುವುದೆಲ್ಲಿಗೆ? ಹುಡುಗರಲ್ಲಿ ಹನ್ನೊಂದು ಮಂದಿಗೆ ಶಾಲೆಯ ಹೊರತು ಮನೆಯಿಲ್ಲ. ಮಿಕ್ಕವರಲ್ಲಿ ಹಲವರ ಊರಿನಲ್ಲಿ ಪ್ಲೇಗು ಆಗಲೇ ಕೂತಿತ್ತು. ಬಿಡಾರ ಮುರಿದರೆ ಮಕ್ಕಳನ್ನು ಒಬ್ಬೊಬ್ಬರಾಗಿ ರೋಗದ ಬಾಯಿಗೆ ನಡೆಸಿಕೊಂಡು ಹೋಗಿ ಬಿಟ್ಟಂತೆ.

"ನಾಳೆ ಸಂಜೆ ಬರ್ರಿ" ಎಂದೆ. ನನ್ನ ಗಂಟಲಿನಿಂದಲೇ ಬಂತೇ ಎಂದು ನನಗೇ ಅನುಮಾನ. "ಹಟ್ಟಿಯವರೆಲ್ಲ ಬರ್ರಿ. ಹಾಡು ಕೇಳ್ರಿ, ಹಾಜರಿ ಕೇಳ್ರಿ, ಒಬ್ಬೊಬ್ಬನನ್ನೂ ಕಣ್ಣಾರೆ ನೋಡಿ ಎಣಿಸ್ರಿ. ಆಮೇಲೆ ಹೋಗು ಅಂದರೆ ಹೋಗ್ತೀವಿ."

ಯಜಮಾನ ಅಕ್ಕನ ಕಡೆ ನೋಡಿದ. ಆಕೆ ತಲೆಯಾಡಿಸಿದಳು.

ದೊರೆಗಳ ಉತ್ತರಕ್ಕೆ ಕಾಯುವಂತಿರಲಿಲ್ಲ. ಧಾಟಿ ಅವರದು, ಶಬ್ದ ನನ್ನದು. ನನ್ನದನ್ನು ನಾನು ತಿದ್ದಬಹುದೆಂದು ತೀರ್ಮಾನಿಸಿದೆ. ಮಾರನೆಯ ಬೆಳಿಗ್ಗೆ ಅಡುಗೆಯವನನ್ನು ಎರಡು ಫರ್ಲಾಂಗು ದೂರ ನಿಲ್ಲಿಸಿ ಒಂದೊಂದೇ ಶಬ್ದ ಎಳೆದು ಕೂಗಿದೆ. ಮೊದಲ ಎರಡು ಅಕ್ಷರ ತಾವಾಗಿಯೇ ಒಂದು ಪೂರ್ತಿ ಶಬ್ದವಾಗಬೇಕು, ಉಸಿರು ಅದನ್ನು ಕಡಿಯಬಾರದು. ಇಷ್ಟು ಸೂತ್ರ. "ಸ್ವಾಮೀ" ಎಂದು ಕೂಗಿದೆ. ಅವನು ಎರಡೂ ಕೈ ಅಲ್ಲಾಡಿಸಿ ಓಡಿ ಬಂದ.

"ಸಾಮಿ ಅಂದ್ರೂ ಸಾವಿ ಅಂದಂಗೇ ಕೇಳ್ತೈತ್ರಿ! ಇನ್ನೊಂದ್ಸಲ ಬಾವಿ ಮುಚ್ಚಿಸ್ತೀರಿ."

"ಹಂಗಾರೆ ದೇವಾ ಅನ್ನಲೇನು?"

"ಅನ್ರಿ. ಅಷ್ಟೂ ಗೊತ್ತಿಲ್ವಾ? ದೇವ್ರ ಹಾಡು ಅಂದ್ಮ್ಯಾಲೆ ದೇವಾ ಅನ್ನಾಕೆ ಹದಿನಾಲ್ಕು ವರ್ಸ ಬೇಕಾತಾ?"

ಸತ್ಯವೆಂದರೆ ಆ ಶಬ್ದ ಮೊದಲೇ ಹೊಳೆದಿತ್ತು. ಅದನ್ನು ಯಾವ ಹುಡುಗನಾದರೂ ಬರೆದಾನು ಎಂದು ನಾನೇ ತಳ್ಳಿಹಾಕಿದ್ದೆ. "ದೇವಾ, ಸ್ತುತಿಯು ನಿನಗೆ" ಎಂಟು. "ದೇವಾ, ದಿನವೂ ಕಾಯುವೆ" ಎಂಟು. ಹುಡುಗರು ಒಂದು ತಾಸಿನಲ್ಲಿ ಕಲಿತರು.

ಊಟದ ಹೊತ್ತಿಗೆ ಒಲೆಯ ಹತ್ತಿರ ಮಾತೇ ಕೇಳಿಸಲಿಲ್ಲ. ಹೋಗಿ ನೋಡಿದರೆ ಅಡುಗೆಯವನು ಸೌದೆಯ ರಾಶಿಗೆ ಒರಗಿ ಕೂತಿದ್ದ. ಮುಖ ಕೆಂಡ. ಕಣ್ಣು ಕೆಂಪು. ಮೈ ಮುಟ್ಟಿದೆ. ಕೈ ತಾನಾಗಿ ಹಿಂದಕ್ಕೆ ಬಂತು.

"ಕಂಕುಳಾಗೆ ಗಂಟು ಇಲ್ರಿ ಇನ್ನೂ. ನೋಡ್ಕಂಡೀನಿ" ಎಂದ. "ಚಳಿಜ್ವರ ಇರ್ಬೇಕು."

ಬಿಸಿಲು ಇಳಿಯುತ್ತಿತ್ತು. ಕಡೆಗೆ ಅವನೇ ಹೇಳಿದ:

"ಮುನ್ಸಿಗಳೇ, ಸಂಜಿಗೆ ನನ್ನ ಕಂಬ್ಳಿ ಹೊದಿಸಿ ಹಿಂದ್ಲ ಸಾಲಿನಾಗೆ ಕುಂಡ್ರಿಸ್ರಿ. ಕತ್ಲಾಗಿರ್ತೈತೆ. ನನ್ನ ಹೆಸ್ರು ಕೂಗಿದಾಗ ಇದ್ದೇನೆ ಅಂದ್ಬಿಡ್ತೀನಿ. ಅಷ್ಟಕ್ಕೆ ಉಸ್ರು ಐತೆ. ಹುಡುಗ್ರಿಗೆ ನೀರು ಉಳೀತೈತೆ."

ನಾನು ಒಪ್ಪಿದೆ. ಈ ಮಾತನ್ನು ಮುಚ್ಚಿಡಲಾರೆ. ಆ ಗಳಿಗೆಯಲ್ಲಿ ಮನಸಾರೆ ಒಪ್ಪಿದೆ, ಎಲ್ಲಿ ಕೂರಿಸುವುದು, ಯಾರ ಮರೆಯಲ್ಲಿ ಎಂದೂ ಗೊತ್ತು ಮಾಡಿದೆ. ಅವನ ಗುಡಿಸಲಿಗೆ ನಾನೇ ನೀರಿಟ್ಟು, ಹುಡುಗರು ಆ ಕಡೆ ಸುಳಿಯದಂತೆ ಮಾಡಿ, ದೀಪಕ್ಕೆ ಎಣ್ಣೆ ಹಾಕಲು ಕೂತೆ.

ಎಣ್ಣೆ ಹಾಕುತ್ತಿರುವಾಗ ಹಟ್ಟಿಯವರು ಬರುವುದು ಕಾಣಿಸಿತು. ಗಂಡಸರು ಮುಂದೆ, ಹೆಂಗಸರು ಹಿಂದೆ, ಕಂಕುಳಲ್ಲಿ ಕೂಸುಗಳು. ಯಜಮಾನನ ಮೊಮ್ಮಗಳು ಮುದುಕಿಯ ಸೆರಗು ಹಿಡಿದಿದ್ದಳು. ರೋಗಕ್ಕೆ ಹೆದರಿ ಮುಳ್ಳು ಹಚ್ಚಿಕೊಂಡವರು ನನ್ನ ಮಾತಿನ ಮೇಲೆ ಬೇಲಿ ದಾಟಿ ಬಂದಿದ್ದರು. ಆ ಕೂಸುಗಳನ್ನು ನೋಡಿದ ಮೇಲೆ ಅಡುಗೆಯವನ ಗುಡಿಸಲಿಗೆ ಹೋಗಿ, "ನೀನು ಮಲಗು. ಬರಬೇಡ" ಎಂದೆ.

"ಹೇಳಿಬಿಡ್ತೀರಾ?"

"ಹೇಳ್ತೀನಿ."

"ನೀವು ಹೆದರ್ಕಂಡು ಹೇಳಲ್ಲ ಅನ್ಕಂಡಿದ್ದೆ" ಎಂದು ಮುಖ ಆಚೆಗೆ ತಿರುಗಿಸಿದ.

ಇಪ್ಪತ್ತು ಮಾರು ದೂರದಲ್ಲಿ ಹಟ್ಟಿಯವರು ನಿಂತರು. ಗಂಟೆ, ದೀಪ, ಹಾಡು. "ದೇವಾ" ಎಂದು ಮೂವತ್ತೊಂದು ಗಂಟಲು ಎಳೆದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹೆಂಗಸು "ಈಗ ಸರಿಯಾತು" ಎಂದದ್ದು ಕೇಳಿಸಿತು. ಹಾಜರಿ ಹಿಡಿದೆ. ಬಯಲಿನಲ್ಲಿ "ಇದ್ದೇನೆ" ಎಂಬ ದೊರೆಗಳ ಶಬ್ದ ಎಂದೋ ಸವೆದು "ಅದೀನ್ರಿ" ಆಗಿತ್ತು. ಒಬ್ಬೊಬ್ಬ ಹುಡುಗನೂ ಎದ್ದು ನಿಂತು ಕೂಗಿದ. ಯಜಮಾನ ಬೆರಳು ಮಡಿಚುತ್ತ ಎಣಿಸಿದ. ಮೂವತ್ತೊಂದು.

"ಅಡುಗೆಯಣ್ಣ" ಎಂದು ಕೂಗಿದೆ. ಹುಡುಗರು ಅವನನ್ನು ಹಾಗೇ ಕರೆಯುತ್ತಿದ್ದುದು. ಯಾರೂ ಏಳಲಿಲ್ಲ.

"ಅವನಿಗೆ ಮಧ್ಯಾಹ್ನದಿಂದ ಜ್ವರ" ಎಂದು ಹಟ್ಟಿಯವರ ಕಡೆ ತಿರುಗಿ ಹೇಳಿದೆ. "ಗಂಟು ಕಂಡಿಲ್ಲ. ಪ್ಲೇಗು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ."

ಜನ ಒಂದೇ ಸಲ ಹಿಂದೆ ಸರಿದರು. ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಯಜಮಾನ ಕೋಲೆತ್ತಿ, "ಏನ್ ಮೇಷ್ಟ್ರೆ, ಕರ್ಸಿ ಕೊಲ್ಲಾಕೆ ನೋಡಿದ್ರಾ?" ಎಂದು ಗದರಿದ. ನಾನು ಹಾಜರಿ ಪುಸ್ತಕ ಮುಚ್ಚಿ ಹುಡುಗರ ಮುಂದೆ ಬಂದು ನಿಂತೆ.

ಮುದುಕಿ ಮಾತ್ರ ಸರಿದಿರಲಿಲ್ಲ.

"ಲೇ ತಮ್ಮ, ಕೋಲು ಇಳ್ಸು. ಮುಚ್ಚಿಡೋ ಮನುಷ್ಯ ಆಗಿದ್ರೆ ನಮ್ಮೆದ್ರಿಗೆ ಜ್ವರ ಅಂತಿದ್ನೇನು? ಕೇಳಿದ್ದಕ್ಕೆ ನಿಜ ಹೇಳ್ಯಾನೆ. ಅದಕ್ಕೆ ಮಕ್ಳನ್ನ ಓಡ್ಸಿದ್ರೆ ನಾಳೆಯಿಂದ ಯಾರು ನಿಜ ಹೇಳ್ತಾರೆ?"

ಬಹಳ ಹೊತ್ತು ವಾದವಾಯಿತು. ಕಡೆಗೆ ಯಜಮಾನ ಹೇಳಿದ ಕರಾರು ಇದು. ಹಳ್ಳದಾಚೆ ಒಂದು ಗುಡಿಸಲು ಹಾಕಿ ರೋಗಿಯನ್ನು ಅಲ್ಲಿಗೆ ಒಯ್ಯಬೇಕು. ಜೊತೆಗೆ ಹೋದವರು ಹತ್ತು ದಿನ ಈಚೆ ಬರುವಂತಿಲ್ಲ. ದಿನಾ ಸಂಜೆ ಹಾಜರಿಯನ್ನು ಬಾವಿಗೆ ಕೇಳುವಂತೆ ಕೂಗಬೇಕು, ರೋಗಿಯೊಬ್ಬನನ್ನು ಬಿಟ್ಟು ಎಲ್ಲರೂ ಉತ್ತರ ಕೊಡಬೇಕು, ಹಳ್ಳದಾಚೆ ಹೋದವನೂ ಸೇರಿ. ಒಂದು ಬಾಯಿ ಕಡಿಮೆಯಾದರೂ ಬಾವಿಗೆ ಹಗ್ಗ ಇರುವುದಿಲ್ಲ.

"ಆಚೆ ಯಾರು ಹೋಗ್ತೀರಿ?" ಎಂದ.

ದೊಡ್ಡವನೆಂದು ಅಲ್ಲಿ ನಾನೊಬ್ಬನೇ ಇದ್ದೆ. ಆದ್ದರಿಂದ ಇದರಲ್ಲಿ ನನ್ನ ಹಿರಿಮೆಯೇನೂ ಇಲ್ಲ.

ಹಳ್ಳದಾಚೆಯ ನಾಲ್ಕು ದಿನಗಳನ್ನು ಉದ್ದ ಮಾಡುವುದಿಲ್ಲ. ಬಟ್ಟೆ ನೆನೆಸಿ ಹಣೆಗೆ ಹಾಕುವುದು, ಹೊದಿಕೆ ಕುದಿಸುವುದು, ರಾಗಿ ಗಂಜಿ ಕಾಯಿಸುವುದು. ನೀರನ್ನು ಮುದುಕಿ ಹಳ್ಳ ದಾಟಿ ದಡದ ಒಂದು ಬಂಡೆಯ ಮೇಲೆ ಇಟ್ಟು ಹೋಗುತ್ತಿದ್ದಳು, ಆಕೆ ದೂರ ಸರಿದ ಮೇಲೆ ನಾನು ಹೋಗಿ ತರುತ್ತಿದ್ದೆ. ಎರಡನೆಯ ದಿನ ತೊಡೆಯ ಸಂದಿನಲ್ಲಿ ಗಂಟು ಎದ್ದಿತು. ನಾನು ನೋಡಿದ್ದನ್ನು ಅವನು ನೋಡಿದ.

ಗಂಜಿ ಕುಡಿಸುವಾಗ ಒಂದು ಗುಟುಕು ನುಂಗಿ ಕಣ್ಣು ಬಿಟ್ಟ.

"ಹದಿನಾಲ್ಕು ವರ್ಸ ನನ್ನ ಕೈಯಾಗಿಂದು ಒಂದು ತುತ್ತು ತಿನ್ಲಿಲ್ಲ ನೀವು. ಈಗ ನಿಮ್ಮ ಕೈಯಾಗಿಂದು ನಾನು ಕುಡಿಯೋ ಹಂಗಾತು."

"ಕುಡಿಯಪ್ಪ."

"ಉಪ್ಪಿಲ್ಲ."

ಉಪ್ಪು ಹಾಕಿ ತಂದೆ. ಅಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಆ ಗಂಜಿಯನ್ನು ಅವನ ತಟ್ಟೆಯಿಂದಲೇ ನಾನು ಕುಡಿದೆ. ಯಾಕೆಂದು ಕೇಳಿದರೆ ಹೇಳಲಾರೆ. ಹಸಿವಾಗಿತ್ತು ಎಂದುಕೊಳ್ಳಿ.

ನಾಲ್ಕನೆಯ ದಿನ ಮಧ್ಯಾಹ್ನ ಹೋದ. ಹಾರೆ ಹಿಡಿದು ಗುಂಡಿ ತೋಡಲು ಹೊತ್ತು ಇಳಿಯುವವರೆಗೆ ಬೇಕಾಯಿತು. ನಮ್ಮಲ್ಲಿಯೂ ಹೂಳುವುದೇ, ಆದರೆ ಕೂರಿಸಿ. ಅವರಲ್ಲಿ ಮಲಗಿಸುತ್ತಾರೆಂದು ನನಗೆ ಗೊತ್ತಿತ್ತು, ಮಲಗಿಸಿದೆ. ಅವರ ಮಣ್ಣಿನ ಪ್ರಾರ್ಥನೆ ನನಗೆ ಬಾರದು. ಬರುತ್ತಿದ್ದದ್ದು ನಾಲ್ಕು ಸಾಲು. ಅದನ್ನೇ ಹೇಳಿದೆ. ಯಾವ ಶಬ್ದ ಹಾಕಿ ಹೇಳಿದೆನೋ ನೆನಪಿಲ್ಲ.

ಆ ಸಂಜೆ ದೊಡ್ಡ ಕ್ಲಾಸಿನ ಹುಡುಗ ಹಾಜರಿ ಕೂಗಿದ. ಮೂವತ್ತೊಂದು ಉತ್ತರ ಬಂದವು. ಸುದ್ದಿಯನ್ನು ನಾನು ಇನ್ನೂ ಕೂಗಿ ಹೇಳಿರಲಿಲ್ಲ, ಬಾಯಿ ಬಂದಿರಲಿಲ್ಲ. ಅವನು "ಅಡುಗೆಯಣ್ಣ" ಎಂದ. ಸ್ವಲ್ಪ ಹೊತ್ತು ಕಾದ. ಆಮೇಲೆ "ಮುನ್ಷಿಗಳು" ಎಂದ.

"ಅದೀನಿ" ಎಂದು ಹಳ್ಳದ ದಡದಲ್ಲಿ ನಿಂತು ಕೂಗಿದೆ.

ಮಾರನೆಯ ಬೆಳಿಗ್ಗೆ ಮುದುಕಿಗೆ ಹೇಳಿದೆ, ಆಕೆ ಹುಡುಗರಿಗೆ ತಿಳಿಸಿದಳು. ಹಾಜರಿಯಲ್ಲಿ ಆ ಹೆಸರು ಕೂಗುವುದನ್ನು ಮಾತ್ರ ಹುಡುಗ ಬಿಡಲಿಲ್ಲ. ಬಿಡು ಎಂದು ಅಷ್ಟು ದೂರಕ್ಕೆ ಕೂಗಿ ಹೇಳುವ ಮನಸ್ಸು ನನಗೂ ಆಗಲಿಲ್ಲ.

ಇನ್ನು ನನ್ನ ಸರದಿ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಕಂಕುಳು ತಡಕಿ ನೋಡಿಕೊಂಡೆ. ತಡಕಿ ತಡಕಿಯೇ ಅಲ್ಲಿ ನೋವು ಬಂತು, ನೋವು ಬಂತೆಂದು ಮತ್ತೆ ತಡಕಿದೆ. ಜ್ವರ ಬಂದರೆ ಬರಲಿ, ಹತ್ತು ದಿನ ಮುಗಿಯುವವರೆಗೆ ಸಂಜೆ ಒಂದು ಶಬ್ದ ಹೇಳುವಷ್ಟು ಶಕ್ತಿ ಉಳಿದರೆ ಸಾಕೆಂದು ಲಿಂಗಪೂಜೆಯಲ್ಲಿ ಕೇಳಿಕೊಂಡೆ. ಏಳನೆಯ ದಿನ ದೊರೆಗಳ ಕಾಗದ ಬಂಡೆಯ ಮೇಲೆ ಬಂತು. ಹಾಡು ನಿಲ್ಲಿಸಿದೆನೆಂಬ ನನ್ನ ಮೊದಲ ಕಾಗದಕ್ಕೆ ಉತ್ತರ: "ವಿಷಯ ತಿಳಿದು ವ್ಯಸನವಾಯಿತು. ಮಕ್ಕಳ ಕ್ಷೇಮವೇ ಮೊದಲು. ಆದರೂ ಯಾವ ಪ್ರಕಾರದಲ್ಲಾದರೂ ಅವರು ಒಟ್ಟಾಗಿ ಧ್ವನಿಯೆತ್ತುವಂತೆ ನೋಡಿಕೊಳ್ಳುವುದು." ಅವರ ಅಕ್ಷರ ಅಂಕುಡೊಂಕಾಗಿತ್ತು. ಶೆಡ್ಡಿನಲ್ಲಿ ನಿದ್ದೆಯಿಲ್ಲದೆ ಬರೆದದ್ದಿರಬೇಕು.

ಎಂಟನೆಯ ದಿನ ಎದ್ದಾಗ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಜ್ವರವಿಲ್ಲ, ಗಂಟಿಲ್ಲ. ಬಯಲಿನ ಚಳಿಗಾಳಿಗೆ ನಿಂತು ದಿನಾ ಕೂಗಿದ್ದರ ಫಲ. ಬಿಸಿನೀರು ಕುಡಿದೆ. ಉಪ್ಪು ಹಾಕಿ ಮುಕ್ಕಳಿಸಿದೆ. ಹೊತ್ತು ಇಳಿಯುವ ವೇಳೆಗೆ ಪಿಸುಮಾತೂ ಹೊರಡದಾಯಿತು.

ಸಂಜೆ ಗಂಟೆ ಹೊಡೆಯಿತು. ಹಾಡಾಯಿತು. ಹಾಜರಿ ಶುರುವಾಯಿತು. ಬಾವಿಯ ಕಟ್ಟೆಯ ಮೇಲೆ ಯಜಮಾನ ಎಂದಿನಂತೆ ಕಂದೀಲು ಹಿಡಿದು ನಿಂತಿದ್ದ. ಮೂವತ್ತೊಂದು. ಅಡುಗೆಯಣ್ಣ. ಎಂದಿನ ಮೌನ.

"ಮುನ್ಷಿಗಳು!"

ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಅಂಗವಸ್ತ್ರ ಬಿಚ್ಚಿ ಎತ್ತಿ ಬೀಸಿದೆ. ಮಬ್ಬು ಕವಿದಿತ್ತು. ಹುಡುಗರು ದೀಪದ ಬೆಳಕಿನಲ್ಲಿದ್ದರು, ಅವರಿಗೆ ನಾನಿದ್ದ ದಡದಲ್ಲಿ ಕತ್ತಲೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

"ಮುನ್ಷಿಗಳು!" ಈ ಸಲ ಹುಡುಗನ ಧ್ವನಿ ಒಡೆಯಿತು.

ಎರಡೂ ಕೈ ಎತ್ತಿ ಕುಣಿದೆ. ಹಳ್ಳಕ್ಕೆ ಇಳಿಯಲೇ ಎಂದುಕೊಂಡೆ, ಇಳಿದರೆ ಕರಾರು ಮುರಿಯುತ್ತದೆ. ಯಜಮಾನ ಕಟ್ಟೆಯಿಂದ ಇಳಿದು ರಾಟೆಯ ಕಡೆ ತಿರುಗಿದ್ದು ಕಂಡಿತು. ಬಿಡಾರದಲ್ಲಿ ಒಬ್ಬ ಸಣ್ಣ ಹುಡುಗ ಅಳತೊಡಗಿದ್ದು ಕೇಳಿಸಿತು.

ದಡದ ಬಂಡೆಯ ಹತ್ತಿರ ಕೊಡ ಇಳಿಸುತ್ತಿದ್ದ ಮುದುಕಿ ಆಗ ಸೊಂಟ ನೆಟ್ಟಗೆ ಮಾಡಿದಳು. ನನ್ನನ್ನು ನೋಡಿದಳು. ಮೊದಲು ನಕ್ಕಳೆಂದೇ ನನ್ನ ನೆನಪು, ನಾನು ಹಾಗೆ ಕುಣಿಯುತ್ತಿದ್ದೆ. ಆಮೇಲೆ ಬಿಡಾರದ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಗುಡ್ಡದ ಕುರಿಯನ್ನು ಕರೆಯುವ ಗಂಟಲಿನಲ್ಲಿ ಕೂಗಿದಳು.

"ಅದಾರೆ! ಮುನ್ಸಿಗಳು ಅದಾರೆ! ಗಂಟ್ಲು ಕಟ್ಟೈತೆ, ಅದಾರೆ!"

ಆ ಕೂಗು ಹಳ್ಳ ದಾಟಿತು, ಬಿಡಾರ ದಾಟಿತು, ಬಾವಿಗೆ ಮುಟ್ಟಿತು. ಯಜಮಾನ ಹಗ್ಗದಿಂದ ಕೈ ತೆಗೆದ. ಹುಡುಗ ಹಾಜರಿ ಪುಸ್ತಕ ಮುಚ್ಚಿ, ಓದು ಶುರು ಮಾಡಿದ. ಮುದುಕಿ ಬರಿಗೊಡ ಸೊಂಟಕ್ಕೇರಿಸಿ ಹಟ್ಟಿಯ ದಾರಿ ಹಿಡಿದಳು.

ನಾನು ಎತ್ತಿದ ಕೈ ಎತ್ತಿಕೊಂಡೇ ನಿಂತಿದ್ದೆ. ಇಳಿಸಬಹುದೆಂದು ಬಹಳ ಹೊತ್ತು ಹೊಳೆಯಲೇ ಇಲ್ಲ.